ಮನೆಯಿಲ್ಲದವರ ಹಗಲು ಕೇಂದ್ರದಲ್ಲಿ ಸ್ವಯಂಸೇವೆ: ಮೊದಲ ಫೋನ್ ಕರೆಯಿಂದ ಕೊನೆಯ ಶಿಫ್ಟ್‌ವರೆಗೆ

ರಾತ್ರಿ ತಂಗುದಾಣಗಳು ಬಹಳ ಕಡೆ ಬೆಳಿಗ್ಗೆ ಬೇಗ ಬಾಗಿಲು ಹಾಕುತ್ತವೆ. ಅಲ್ಲಿ ಮಲಗಿದ್ದವರು ಎದ್ದು, ಗಂಟುಮೂಟೆ ಕಟ್ಟಿಕೊಂಡು ಹೊರಗೆ ಬರಬೇಕು. ಸಂಜೆವರೆಗೆ ಎಲ್ಲಿರುವುದು? ಕೂತಲ್ಲಿಂದ ಎಬ್ಬಿಸುತ್ತಾರೆ, ನಿಂತಲ್ಲಿಂದ ಓಡಿಸುತ್ತಾರೆ. ಶೌಚಾಲಯಕ್ಕೆ ಹೋಗಬೇಕೆಂದರೂ ಎಲ್ಲಿ ಬಿಡುತ್ತಾರೆ, ಬ್ಯಾಗನ್ನು ಯಾರ ಹತ್ತಿರ ಬಿಡುವುದು ಅಂತ ಲೆಕ್ಕ ಹಾಕಬೇಕು. ಈ ಹಗಲಿನ ಸಮಸ್ಯೆಗಾಗಿಯೇ ಹುಟ್ಟಿಕೊಂಡದ್ದು ಡ್ರಾಪ್-ಇನ್ ಸೆಂಟರ್, ಅಂದರೆ ಹಗಲು ಕೇಂದ್ರ.

ಇಲ್ಲಿ ಸಾಮಾನ್ಯವಾಗಿ ಹಾಸಿಗೆ ಇರುವುದಿಲ್ಲ. ತೆರೆದಿರುವ ಹೊತ್ತಿನಲ್ಲಿ ಯಾವಾಗ ಬೇಕಾದರೂ ಬರಬಹುದು, ಯಾವಾಗ ಬೇಕಾದರೂ ಎದ್ದು ಹೋಗಬಹುದು. ಕೂರಲು ಕುರ್ಚಿ, ಬಿಸಿ ಟೀ, ಊಟ, ಸ್ನಾನ, ಬಟ್ಟೆ ಒಗೆಯುವ ಮೆಷಿನ್, ಫೋನ್ ಚಾರ್ಜ್ ಮಾಡುವ ಜಾಗ, ಅಂಚೆ ತರಿಸಿಕೊಳ್ಳಲು ಒಂದು ವಿಳಾಸ. ಇವುಗಳಲ್ಲಿ ಕೆಲವಾದರೂ ಸಿಗುತ್ತವೆ. ವಿಳಾಸ ಸಣ್ಣ ವಿಷಯ ಅಲ್ಲ. ಗುರುತಿನ ಚೀಟಿ, ಬ್ಯಾಂಕ್ ಖಾತೆ, ಪಿಂಚಣಿ, ಕೆಲಸದ ಅರ್ಜಿ, ಎಲ್ಲ ಕಡೆ ಮೊದಲು ಕೇಳುವುದು ಅದನ್ನೇ.

ಇಂಥ ಕಡೆ ಸಂಬಳದ ಸಿಬ್ಬಂದಿ ಸಾಮಾನ್ಯವಾಗಿ ಕಡಿಮೆ. ಹಾಗಾಗಿ ಸ್ವಯಂಸೇವಕರು ಬೇಕೇ ಬೇಕು. ಆದರೆ ಒಳ್ಳೆ ಮನಸ್ಸೊಂದಿದ್ದರೆ ಸಾಕು ಅಂತ ಹೊರಟವರು ಬೇಗ ಸುಸ್ತಾಗುತ್ತಾರೆ, ಇಲ್ಲವೇ ಗೊತ್ತಿಲ್ಲದೆ ತೊಂದರೆ ಕೊಡುತ್ತಾರೆ. ಇಲ್ಲಿಗೆ ಬರುವವರು ಎಲ್ಲಿ ಮಲಗಬೇಕು, ಯಾವಾಗ ಉಣ್ಣಬೇಕು, ಎಷ್ಟು ಹೊತ್ತು ಸಾಲಿನಲ್ಲಿ ನಿಲ್ಲಬೇಕು ಎಲ್ಲವನ್ನೂ ಬೇರೆಯವರೇ ತೀರ್ಮಾನಿಸಿರುತ್ತಾರೆ. ಅವರ ಕೈಯಲ್ಲಿ ಉಳಿದಿರುವ ಸಣ್ಣಪುಟ್ಟ ಆಯ್ಕೆಗಳನ್ನು ನೀವು ಹೋಗಿ ಕಿತ್ತುಕೊಳ್ಳಬಾರದು. ಕೆಳಗಿನ ಸಲಹೆಗಳಲ್ಲಿ ಹೆಚ್ಚಿನವು ಇದರಿಂದಲೇ ಬಂದವು.

1. ಕೇಂದ್ರವನ್ನು ಆರಿಸಿಕೊಳ್ಳುವುದು

ಎಲ್ಲ ಕೇಂದ್ರಗಳೂ ಒಂದೇ ಥರ ಇರುವುದಿಲ್ಲ. ಕೆಲವು ಹೆಂಗಸರಿಗೆ ಮಾತ್ರ. ಕೆಲವು ಹದಿಹರೆಯದವರಿಗೆ. ಕೆಲವು ಕಡೆ ಕುಡಿದು ಬಂದವರನ್ನು ಒಳಗೆ ಬಿಡುವುದಿಲ್ಲ, ಇನ್ನು ಕೆಲವು ಕಡೆ ಗಲಾಟೆ ಮಾಡದಿದ್ದರೆ ಸಾಕು, ಬನ್ನಿ ಕೂತ್ಕೊಳ್ಳಿ ಅನ್ನುತ್ತಾರೆ. ನಿಮಗೆ ಯಾವುದು ಒಗ್ಗುತ್ತದೆ ಅಂತ ಮೊದಲೇ ಯೋಚಿಸಿ. ಕುಡಿದವರನ್ನು ಕಂಡರೆ ನಿಮಗೆ ಭಯವಾಗುತ್ತದೆ ಅಂದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಅಡುಗೆಮನೆ, ಬಟ್ಟೆ ವಿಂಗಡಣೆ, ಲೆಕ್ಕಪತ್ರ ಹೀಗೆ ಹಿಂಭಾಗದ ಕೆಲಸ ಬೇಕಾದಷ್ಟು ಇರುತ್ತದೆ.

ಫೋನ್ ಮಾಡಿದಾಗ ಅವರು ನಿಮ್ಮನ್ನು ಕೇಳುವಷ್ಟೇ ನೀವೂ ಅವರನ್ನು ಕೇಳಿ. ನನ್ನ ಮೇಲ್ವಿಚಾರಕರು ಯಾರು? ಒಂದು ಶಿಫ್ಟ್‌ನಲ್ಲಿ ಸಂಬಳದ ಸಿಬ್ಬಂದಿ ಎಷ್ಟು ಜನ ಇರುತ್ತಾರೆ? ತರಬೇತಿ ಕೊಡುತ್ತೀರಾ? ಯಾರಾದರೂ ಕುಸಿದು ಬಿದ್ದರೆ, ಜಗಳವಾದರೆ ಏನು ಮಾಡುವ ಕ್ರಮ ಇದೆ? ನನಗೇ ಪೆಟ್ಟಾದರೆ?

ಹಿನ್ನೆಲೆ ಪರಿಶೀಲನೆ ಮಾಡುತ್ತೇವೆ, ಸ್ವಲ್ಪ ದಿನ ಕಾಯಿರಿ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅದು ಒಳ್ಳೆಯ ಲಕ್ಷಣ. ಏನೂ ಕೇಳದೆ "ನಾಳೆಯಿಂದಲೇ ಬನ್ನಿ, ಬಂದು ಏನಾದರೂ ಮಾಡಿ" ಅನ್ನುವ ಜಾಗದ ಬಗ್ಗೆಯೇ ನಾನು ಎರಡು ಸಲ ಯೋಚಿಸುತ್ತೇನೆ.

2. ಎಷ್ಟು ಸಮಯ ಕೊಡಬೇಕು

ವಾರಕ್ಕೆ ಒಂದೇ ದಿನ, ಮೂರು ಗಂಟೆ. ಆದರೆ ಪ್ರತಿ ವಾರ ಅದೇ ದಿನ, ಅದೇ ಹೊತ್ತು. ಹುರುಪಿನಲ್ಲಿ ಎರಡು ವಾರ ದಿನಾ ಬಂದು ಆಮೇಲೆ ನಾಪತ್ತೆಯಾಗುವವರಿಗಿಂತ ಇಂಥವರು ಎಷ್ಟೋ ವಾಸಿ. ಬೀದಿಯಲ್ಲಿ ಬದುಕುವವರ ಮುಂದೆ ಅಧಿಕಾರಿಗಳು, ಸಂಘಸಂಸ್ಥೆಯವರು, ನೆಂಟರು ಬಂದು ಭರವಸೆ ಕೊಟ್ಟು ಹೋಗಿರುತ್ತಾರೆ. ಮತ್ತೊಬ್ಬರು ಹಾಗೆ ಮಾಡುವುದು ಬೇಡ.

ಹಬ್ಬದ ದಿನ ಇಂಥ ಕೇಂದ್ರಗಳಲ್ಲಿ ಬಡಿಸುವವರು ತಿನ್ನುವವರಿಗಿಂತ ಜಾಸ್ತಿ ಆಗುವುದುಂಟು. ಹಬ್ಬ ಮುಗಿದ ಮರುವಾರದ ಮಂಗಳವಾರ ಬೆಳಿಗ್ಗೆ ಪಾತ್ರೆ ತೊಳೆಯಲು ಜನ ಇರುವುದಿಲ್ಲ. ಆ ಮಂಗಳವಾರವನ್ನು ಕೇಳಿ ಪಡೆಯಿರಿ.

3. ಹೊರಡುವ ಮುಂಚೆ

ಮುಂಭಾಗ ಮುಚ್ಚಿದ, ಜಾರದ ಶೂ ಹಾಕಿಕೊಳ್ಳಿ. ಒಡವೆ, ದುಬಾರಿ ವಾಚು ಮನೆಯಲ್ಲಿರಲಿ. ಜೋರು ವಾಸನೆಯ ಸೆಂಟ್ ಬೇಡ. ಐಡಿ ಕಾರ್ಡಿನ ದಾರ ಎಳೆದರೆ ಬಿಚ್ಚಿಕೊಳ್ಳುವಂಥದ್ದಾಗಿರಬೇಕು. ಪರ್ಸ್ ಲಾಕರ್‌ನಲ್ಲಿಡಿ. ಟೆಟನಸ್ ಮತ್ತು ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಅಂತ ವೈದ್ಯರ ಹತ್ತಿರ ಒಮ್ಮೆ ಕೇಳಿ ನೋಡಿ. ನೆಗಡಿ, ಜ್ವರ, ವಾಂತಿಭೇದಿ ಇದ್ದರೆ ಹೋಗಲೇಬೇಡಿ. ಅಲ್ಲಿರುವ ಎಷ್ಟೋ ಜನರ ದೇಹದಲ್ಲಿ ಕಾಯಿಲೆ ತಡೆಯುವ ಶಕ್ತಿ ಮೊದಲೇ ಕುಗ್ಗಿರುತ್ತದೆ, ಹುಷಾರಿಲ್ಲದಾಗ ಹೊದ್ದು ಮಲಗಲು ಮನೆಯೂ ಇರುವುದಿಲ್ಲ.

4. ಮೊದಲ ದಿನ

ಮೊದಲ ದಿನ ಸುಮ್ನೆ ನೋಡಿ. ಬಾಗಿಲುಗಳು ಎಲ್ಲಿವೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ, ಸಹಾಯಕ್ಕೆ ಯಾರನ್ನು ಹೇಗೆ ಕರೆಯಬೇಕು ಅಂತ ತಿಳಿದುಕೊಳ್ಳಿ. ಸ್ನಾನದ ಪಟ್ಟಿ ಹೇಗೆ ನಡೆಯುತ್ತದೆ ಅಂತ ಕಲಿಯಿರಿ. ನಂಬಿ, ಕೇಂದ್ರದ ಅರ್ಧ ಜಗಳ ಶುರುವಾಗುವುದು ಆ ಪಟ್ಟಿಯಿಂದಲೇ. ಯಾರ ಹೆಸರು ಮೊದಲು, ಕರೆದಾಗ ಇಲ್ಲದಿದ್ದರೆ ಸರದಿ ಹೋಗುತ್ತದಾ ಇಲ್ಲವಾ, ಒಬ್ಬರಿಗೆ ಎಷ್ಟು ನಿಮಿಷ ಇದೆಲ್ಲ ಬಾಯಿಪಾಠ ಆಗಬೇಕು. ನಿನ್ನೆ ಒಬ್ಬರು ಒಂದು ನಿಯಮ ಹೇಳಿ, ಇವತ್ತು ನೀವು ಇನ್ನೊಂದು ಹೇಳಿದರೆ ಸಿಟ್ಟು ಬರುವುದು ಸಹಜ ಅಲ್ವಾ?

ಯಾವ ಕೆಲಸ ಮಾಡಲಿ ಅಂತ ಕೇಳಿದರೆ ಟೀ ಕೌಂಟರ್ ಅಥವಾ ಚಾರ್ಜಿಂಗ್ ಟೇಬಲ್ ಕೇಳಿ ಪಡೆಯಿರಿ. ಎರಡೂ ಕಡೆ ಜನ ತಾವಾಗಿ ಬರುತ್ತಾರೆ, ಎರಡು ಮಾತಾಡುತ್ತಾರೆ, ಹೋಗುತ್ತಾರೆ. ನೀವು ಯಾರ ಮೈಮೇಲೂ ಬಿದ್ದು ಮಾತಾಡಿಸಬೇಕಾಗಿಲ್ಲ. ಸಕ್ಕರೆ ಡಬ್ಬಿಯನ್ನು ಅವರ ಕಡೆಗೆ ಸರಿಸಿ, ಅವರೇ ಹಾಕಿಕೊಳ್ಳಲಿ. ಐದು ಚಮಚ ಹಾಕಿಕೊಂಡರೂ ಸುಮ್ಮನಿರಿ.

ಚಾರ್ಜಿಂಗ್ ಟೇಬಲ್ಲಿನಲ್ಲಿ ಮಾತ್ರ ಶಿಸ್ತು ಬೇಕು. ಪ್ರತಿ ಫೋನಿಗೂ ಒಂದು ಚೀಟಿ ಅಂಟಿಸಿ, ಅದೇ ನಂಬರಿನ ಇನ್ನೊಂದು ಚೀಟಿ ಅವರ ಕೈಗೆ ಕೊಡಿ. ಚೀಟಿ ತೋರಿಸದೆ ಫೋನ್ ಕೊಡಬೇಡಿ, ಅವರು ನಿಮಗೆ ಎಷ್ಟೇ ಪರಿಚಯ ಇದ್ದರೂ. ಆಸ್ಪತ್ರೆಯ ಕರೆ, ಮನೆ ಹಂಚಿಕೆ ಕಚೇರಿಯ ಮೆಸೇಜು, ಮಗಳ ಫೋಟೋ, ಎಲ್ಲ ಅದರಲ್ಲೇ ಇರುತ್ತದೆ. ಅದು ಕಳೆದುಹೋದರೆ ತಿಂಗಳುಗಟ್ಟಲೆ ಓಡಾಡಿದ್ದೆಲ್ಲ ನೀರು ಪಾಲು.

5. ಕಾಲು ಮತ್ತು ಕಾಲುಚೀಲ

ಹೊಸಬರಿಗೆ ಆಶ್ಚರ್ಯ ಆಗುವ ವಿಷಯ ಇದು. ಊಟ ಹೇಗೋ ನಾಲ್ಕು ಕಡೆ ಸಿಗಬಹುದು. ಒಣಗಿದ, ಹೊಸ ಕಾಲುಚೀಲ ಸಿಗುವುದು ಕಷ್ಟ.

ಮನೆ ಇಲ್ಲದವರು ದಿನವಿಡೀ ನಡೆಯುತ್ತಾರೆ. ಕದ್ದಾರೆಂಬ ಭಯಕ್ಕೆ ರಾತ್ರಿಯೂ ಶೂ ಬಿಚ್ಚುವುದಿಲ್ಲ. ಮಳೆಗೆ ನೆಂದದ್ದು, ಬೆವರಿಗೆ ಒದ್ದೆಯಾದದ್ದು ಹಾಗೆಯೇ ಇರುತ್ತದೆ. ಒದ್ದೆ ಕಾಲು ಹಾಗೇ ಬಹಳ ಹೊತ್ತು ಇದ್ದರೆ ಚರ್ಮ ಬಿಳಿಚಿಕೊಂಡು ಸುಕ್ಕುಗಟ್ಟುತ್ತದೆ, ಮರಗಟ್ಟುತ್ತದೆ, ಆಮೇಲೆ ಕೆಂಪಾಗಿ ಊದಿ ಉರಿಯುತ್ತದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ನಿಂತ ಸೈನಿಕರಿಗೆ ಬಂದದ್ದೂ ಇದೇ. ಅದಕ್ಕೇ ಟ್ರೆಂಚ್ ಫುಟ್ ಅನ್ನುತ್ತಾರೆ. ಇದಕ್ಕೆ ಹಿಮ ಬೀಳಬೇಕಾಗಿಲ್ಲ, 16 ಡಿಗ್ರಿ ಸೆಲ್ಸಿಯಸ್‌ನಷ್ಟು ಸಾಧಾರಣ ತಂಪಿನಲ್ಲೂ ಬರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಕಾಲಿನ ಸಣ್ಣ ಗಾಯವೇ ಬೆರಳು ಕತ್ತರಿಸುವ ಹಂತಕ್ಕೆ ಹೋಗಬಹುದು.

1985ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜಿಮ್ ಓಕಾನಲ್ ಎಂಬ ಯುವ ವೈದ್ಯರು ಪೈನ್ ಸ್ಟ್ರೀಟ್ ಇನ್ ಎಂಬ ತಂಗುದಾಣಕ್ಕೆ ಕೆಲಸಕ್ಕೆ ಹೋದರು. ಅಲ್ಲಿನ ನರ್ಸ್ ಬಾರ್ಬರಾ ಮೆಕಿನಿಸ್ ಈ ವೈದ್ಯರಿಗೆ ಹೇಳಿದ್ದು, ಸ್ಟೆತಾಸ್ಕೋಪ್ ಆಚೆಗಿಡಿ, ಮೊದಲು ಬಂದವರ ಕಾಲು ನೀರಿನಲ್ಲಿ ನೆನೆಸಿ ತೊಳೆಯಿರಿ ಅಂತ. ದೊಡ್ಡ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ ಬಂದವರು ಬಕೆಟ್ ಹಿಡಿದು ಕೂತರು. ಕಾಲು ತೊಳೆಸಿಕೊಳ್ಳುವವರು ಕುರ್ಚಿಯ ಮೇಲೆ, ವೈದ್ಯರು ಕೆಳಗೆ. ಯಾರಿಗೂ ಬಾಯಿಬಿಡದವರು ಅವರ ಹತ್ತಿರ ಮಾತಾಡತೊಡಗಿದರು. ಓಕಾನಲ್ ಅದೇ ಕೆಲಸದಲ್ಲಿ ದಶಕಗಳ ಕಾಲ ಉಳಿದರು.

ನೀವು ಕಾಲು ತೊಳೆಯಬೇಕು ಅಂತ ನಾನು ಹೇಳುತ್ತಿಲ್ಲ. ಕೇಂದ್ರದಲ್ಲಿ ಅದಕ್ಕೆ ನರ್ಸ್ ಇದ್ದರೆ ಅವರೇ ನೋಡಿಕೊಳ್ಳುತ್ತಾರೆ. ನೀವು ಮಾಡಬಹುದಾದ್ದು ಕಾಲುಚೀಲ ಕೊಡುವ ರೀತಿಯಲ್ಲಿ ಇದೆ. ಒಂದು ಜೊತೆ ತೆಗೆದು "ತಗೊಳ್ಳಿ" ಅಂತ ಕೈಗಿಡಬೇಡಿ. ಟೇಬಲ್ ಮೇಲೆ ಬಣ್ಣ, ಸೈಜು, ದಪ್ಪ ತೆಳುವು ಎಲ್ಲ ಕಾಣುವ ಹಾಗೆ ಹರಡಿ. ಒಬ್ಬರು ಬರುತ್ತಾರೆ. ಕಪ್ಪು ಎತ್ತಿ ನೋಡುತ್ತಾರೆ, ಇಡುತ್ತಾರೆ. ಬೂದು ಬಣ್ಣದ್ದರ ಎಲಾಸ್ಟಿಕ್ ಎಳೆದು ನೋಡುತ್ತಾರೆ, ಯಾಕೆಂದರೆ ಊದಿದ ಕಾಲಿಗೆ ಬಿಗಿ ಆಗಬಾರದು. ಆಮೇಲೆ ಮತ್ತೆ ಕಪ್ಪು. ಹಿಂದೆ ಸಾಲು ಬೆಳೆಯುತ್ತಿರುತ್ತದೆ, ನಿಮಗೆ ಚಡಪಡಿಕೆ. ತಾಳಿ. ಅವರು ಆರಿಸಿಕೊಳ್ಳಲಿ. ಹಳೆಯ ಕಾಲುಚೀಲ ಹಾಕಲು ಪಕ್ಕದಲ್ಲೇ ಒಂದು ಮುಚ್ಚಳದ ಬುಟ್ಟಿ ಇರಲಿ, ಅದನ್ನು ಕೈಯಲ್ಲಿ ಹಿಡಿದು ಎಲ್ಲರೆದುರು ಓಡಾಡುವ ಹಾಗೆ ಆಗಬಾರದು.

ನಡೆಯುವಾಗ ಕುಂಟುವುದು, ಶೂ ಒಳಗಿಂದ ಕೆಟ್ಟ ವಾಸನೆ, ಒಂದು ಕಾಲು ಮಾತ್ರ ಊದಿರುವುದು ಕಂಡರೆ ಸಿಬ್ಬಂದಿಗೆ ಮೆಲ್ಲಗೆ ಹೇಳಿ.

6. ಮಾತು

"ನೀವು" ಅನ್ನಿ. ಬೀದಿಯಲ್ಲಿರುವವರನ್ನು ಕಂಡ ತಕ್ಷಣ ಎಷ್ಟೋ ಜನರ ಬಾಯಲ್ಲಿ ಏಕವಚನ ತಾನಾಗಿ ಬರುತ್ತದೆ. ಹೆಸರು ಹೇಳಿದರೆ ಆ ಹೆಸರಲ್ಲೇ ಕರೆಯಿರಿ. ನಿಜವಾದ ಹೆಸರೋ ಅಲ್ಲವೋ ನಿಮಗೆ ಬೇಡ. ಪಕ್ಕದಲ್ಲಿ ಕೂರುವ ಮುಂಚೆ "ಇಲ್ಲಿ ಕೂತ್ಕೊಳ್ಳಬಹುದಾ?" ಅಂತ ಕೇಳಿ. ಬೇಡ ಅಂದರೆ ಬೇಡ. ಅವರ ಬ್ಯಾಗು, ಚೀಲ, ಕಂಬಳಿ ದಾರಿಗೆ ಅಡ್ಡ ಇದ್ದರೂ ಕೇಳದೆ ಮುಟ್ಟಬೇಡಿ. ನಿಮ್ಮ ಕಣ್ಣಿಗೆ ಕಸದ ಹಾಗೆ ಕಂಡದ್ದು ಅವರ ಇಡೀ ಮನೆ ಆಗಿರಬಹುದು.

"ನಿಮಗೆ ಈ ಗತಿ ಹೇಗೆ ಬಂತು?" ಅಂತ ಎಂದೂ ಕೇಳಬೇಡಿ. ಆ ಕಥೆಯನ್ನು ಅವರು ಈಗಾಗಲೇ ಕಚೇರಿ ಕಚೇರಿಯಲ್ಲಿ ಹೇಳಿ ಹೇಳಿ ದಣಿದಿರುತ್ತಾರೆ. ಪೇಪರಿನ ಸುದ್ದಿ, ಆಟದ ಸ್ಕೋರು, ಹಳೆಯ ಸಿನಿಮಾ, ಅವರ ಜೊತೆ ಬಂದಿರುವ ನಾಯಿ, ಇವು ಸಾಕು. ಕೇರಂ ಅಥವಾ ಚೆಸ್ ಬೋರ್ಡ್ ಇದ್ದರೆ ಇನ್ನೂ ಒಳ್ಳೆಯದು, ಮಾತಿಲ್ಲದೆಯೂ ಒಂದು ಗಂಟೆ ಜೊತೆಗಿರಬಹುದು. ಅವರೇ ಕಥೆ ಹೇಳಲು ಶುರು ಮಾಡಿದರೆ ಕೇಳಿ. ಮಧ್ಯೆ ಬಾಯಿ ಹಾಕಿ ಪರಿಹಾರ ಸೂಚಿಸಬೇಡಿ.

ಬುದ್ಧಿವಾದವಂತೂ ಬೇಡವೇ ಬೇಡ. "ಮೊದಲು ಕುಡಿಯೋದು ಬಿಡಿ, ಆಮೇಲೆ ಎಲ್ಲ ಸರಿ ಹೋಗುತ್ತೆ" ಅನ್ನುವ ಮಾತು ಕೇಳಲು ಸರಿ ಅನ್ನಿಸುತ್ತದೆ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಅದನ್ನು ಬಹಳ ಹಿಂದೆಯೇ ಪ್ರಶ್ನಿಸಿದ್ದಾರೆ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಶುರು ಮಾಡಿದ ಕಾರ್ಯಕ್ರಮದಲ್ಲಿ ಕುಡಿತ ಬಿಡಬೇಕು, ಚಿಕಿತ್ಸೆ ಮುಗಿಸಬೇಕು ಅನ್ನುವ ಷರತ್ತಿಲ್ಲದೆ ಮೊದಲು ಮನೆ ಕೊಟ್ಟರು. ಬೇಕಾದ ಸಹಾಯ ಆಮೇಲೆ ಮನೆಬಾಗಿಲಿಗೆ ಬಂತು. ಅವರಲ್ಲಿ ಹೆಚ್ಚಿನವರು ಆ ಮನೆಯಲ್ಲೇ ಉಳಿದರು. 'ಹೌಸಿಂಗ್ ಫಸ್ಟ್' ಅಂತ ಹೆಸರಾದ ಈ ಕ್ರಮವನ್ನು ಫಿನ್ಲೆಂಡ್ 2008ರಿಂದ ಇಡೀ ದೇಶದ ನೀತಿಯಾಗಿ ಮಾಡಿಕೊಂಡಿತು. ತಲೆಯ ಮೇಲೆ ಸೂರಿಲ್ಲದೆ, ನಿದ್ದೆಯಿಲ್ಲದೆ ಕುಡಿತ ಬಿಡುವುದು ಎಷ್ಟು ಕಷ್ಟ ಅಂತ ನೀವೇ ಯೋಚಿಸಿ.

ಕೆಲವರು ಬಂದವರೇ ಟೇಬಲ್ ಮೇಲೆ ತಲೆಯಿಟ್ಟು ಮಲಗಿಬಿಡುತ್ತಾರೆ. ಸೋಮಾರಿತನ ಅಲ್ಲ ಅದು. ರಾತ್ರಿಯಿಡೀ ಒಂದು ಕಣ್ಣು ತೆರೆದೇ ಕಳೆದಿರುತ್ತಾರೆ. ಮಲಗಲು ಬಿಡಿ. ಆದರೆ ಉಸಿರಾಟ ಸರಿಯಾಗಿದೆಯೇ ಅಂತ ಆಗಾಗ ಕಣ್ಣು ಹಾಯಿಸಿ. ಎಬ್ಬಿಸಲೇಬೇಕಾದರೆ ಮೈ ಮುಟ್ಟಿ ಅಲುಗಾಡಿಸಬೇಡಿ. ಸ್ವಲ್ಪ ದೂರ ನಿಂತು ಹೆಸರು ಹಿಡಿದು ಕರೆಯಿರಿ. ಮಲಗಿದ್ದಾಗ ಏಟು ತಿಂದು ಅಭ್ಯಾಸ ಇರುವವರು ಮುಟ್ಟಿದ ತಕ್ಷಣ ಕೈ ಎತ್ತಿಯೇ ಏಳುತ್ತಾರೆ.

7. ಇಲ್ಲ ಅನ್ನುವುದು

ದುಡ್ಡು ಕೇಳುತ್ತಾರೆ. ನಿಮ್ಮ ಫೋನ್ ನಂಬರ್ ಕೇಳುತ್ತಾರೆ. ಗಾಡಿಯಲ್ಲಿ ಬಿಡುತ್ತೀರಾ ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಒಂದು ರಾತ್ರಿ ಮಲಗಲು ಜಾಗ ಕೇಳಬಹುದು. ಎಲ್ಲದಕ್ಕೂ ಉತ್ತರ ಒಂದೇ, ಇಲ್ಲ. ಸುತ್ತಿ ಬಳಸಬೇಡಿ, ಸುಳ್ಳು ನೆಪ ಹೇಳಬೇಡಿ. "ಇಲ್ಲಿ ಕೆಲಸ ಮಾಡುವವರು ದುಡ್ಡು ಕೊಡುವ ಹಾಗಿಲ್ಲ. ನಿಮಗೆ ಯಾವುದಕ್ಕೆ ಬೇಕಾಗಿತ್ತು? ಬೇರೆ ದಾರಿ ಇದೆಯಾ ಕೇಳೋಣ ಬನ್ನಿ" ಅಂತ ಹೇಳಿ ಸಿಬ್ಬಂದಿಯ ಹತ್ತಿರ ಕರೆದುಕೊಂಡು ಹೋಗಿ.

ನಿಯಮ ಕಲ್ಲುಮನಸ್ಸಿನದ್ದು ಅನ್ನಿಸಬಹುದು. ಒಬ್ಬರಿಗೆ ಗುಟ್ಟಾಗಿ ಕೊಟ್ಟದ್ದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ನಾಳೆ ಇಪ್ಪತ್ತು ಜನ ಕೇಳುತ್ತಾರೆ, ಸಿಗದವರ ಕಣ್ಣಿಗೆ ನೀವು ಪಕ್ಷಪಾತಿ. ಕೊಡದ ಸಹೋದ್ಯೋಗಿ ಕೆಟ್ಟವರಾಗುತ್ತಾರೆ.

ಭರವಸೆ ಕೊಡುವಾಗಲೂ ಹುಷಾರು. "ಮಾಡಿಸ್ತೀನಿ" ಅನ್ನಬೇಡಿ, "ಕೇಳಿ ಹೇಳ್ತೀನಿ" ಅನ್ನಿ. ಆಮೇಲೆ ನಿಜವಾಗಿಯೂ ಕೇಳಿ, ಉತ್ತರ ಏನೂ ಸಿಗದಿದ್ದರೂ ಅದನ್ನೇ ಬಂದು ಹೇಳಿ.

8. ಸಿಟ್ಟು ಏರಿದಾಗ

ಹೆಚ್ಚಿನ ದಿನ ಏನೂ ಆಗುವುದಿಲ್ಲ. ಆದರೂ ಗೊತ್ತಿರಲಿ. ಯಾರಾದರೂ ಕೂಗಾಡಲು ಶುರು ಮಾಡಿದರೆ ನಿಮ್ಮ ದನಿ ಇಳಿಸಿ, ನಿಧಾನವಾಗಿ ಮಾತಾಡಿ. ಎದುರಿಗೆ ಎದೆಗೊಟ್ಟು ನಿಲ್ಲಬೇಡಿ, ಸ್ವಲ್ಪ ಓರೆಯಾಗಿ, ಎರಡು ತೋಳಿನಷ್ಟು ದೂರ ನಿಲ್ಲಿ. ಕೈಗಳು ಕಾಣುತ್ತಿರಲಿ. ಮುಟ್ಟಬೇಡಿ. ಅವರಿಗೂ ಬಾಗಿಲಿಗೂ ನಡುವೆ ನೀವು ಅಡ್ಡ ಇರಬಾರದು, ನಿಮ್ಮ ಹಿಂದೆಯೂ ದಾರಿ ಮುಚ್ಚಿರಬಾರದು.

"ಶಾಂತವಾಗಿರಿ" ಅಂತ ಹೇಳಿದರೆ ಯಾರೂ ಶಾಂತರಾಗುವುದಿಲ್ಲ. "ಒಂದು ಗಂಟೆಯಿಂದ ಕಾಯ್ತಾ ಇದ್ದೀರಿ, ಸಿಟ್ಟು ಬರೋದು ಸರಿಯೇ" ಅಂದರೆ ಎಷ್ಟೋ ಸಲ ಅಲ್ಲಿಗೇ ಇಳಿಯುತ್ತದೆ. ಆಮೇಲೆ ಎರಡು ಆಯ್ಕೆ ಕೊಡಿ: "ಇಲ್ಲೇ ಕೂತು ಮಾತಾಡೋಣವಾ, ಸ್ವಲ್ಪ ಹೊರಗೆ ಗಾಳಿಗೆ ಹೋಗೋಣವಾ?" ಒಬ್ಬರೇ ಮಾತಾಡಬೇಕು. ನಾಲ್ಕು ಜನ ಸುತ್ತುವರಿದು ಸಮಾಧಾನ ಮಾಡಲು ಹೋದರೆ ಬೆಂಕಿಗೆ ತುಪ್ಪ ಸುರಿದಂತೆ. ಸುತ್ತ ನೋಡುತ್ತಾ ನಿಂತವರನ್ನು ಬೇರೆ ಕಡೆ ಕಳಿಸುವುದು ನಿಮ್ಮ ಕೆಲಸ ಇರಬಹುದು. ಕೈಕೈ ಮಿಲಾಯಿಸಿದ ಜಗಳದ ಮಧ್ಯೆ ಮಾತ್ರ ಹೋಗಬೇಡಿ. ಸಿಬ್ಬಂದಿಯನ್ನು ಕರೆಯಿರಿ, ಬೇರೆಯವರನ್ನು ದೂರ ಸರಿಸಿ.

9. ಕುಡಿದಿದ್ದಾರೆ ಅಂತ ತೀರ್ಮಾನಿಸುವ ಮುಂಚೆ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ತೊದಲುವುದು, ತೂರಾಡುವುದು, ಸಂಬಂಧವಿಲ್ಲದೆ ಮಾತಾಡುವುದು, ಇವೆಲ್ಲ ಕುಡಿತದಿಂದ ಮಾತ್ರ ಬರುವುದಿಲ್ಲ. ರಕ್ತದಲ್ಲಿ ಸಕ್ಕರೆ ತೀರಾ ಇಳಿದರೂ ಹೀಗೇ ಆಗುತ್ತದೆ. ತಲೆಗೆ ಪೆಟ್ಟು ಬಿದ್ದಿದ್ದರೂ, ಪಾರ್ಶ್ವವಾಯು ಆಗಿದ್ದರೂ, ಸೋಂಕು ರಕ್ತಕ್ಕೆ ಏರಿದ್ದರೂ, ಮೂರ್ಛೆ ಬಂದು ಹೋದ ಮೇಲೂ ಹೀಗೇ. ಬಾಯಿಂದ ಹೆಂಡದ ವಾಸನೆ ಬಂದರೂ ತಲೆಪೆಟ್ಟು ಇಲ್ಲ ಅಂತ ಹೇಳಲಾಗದು. ಇವತ್ತು ಅವರು ಎಂದಿನ ಹಾಗಿಲ್ಲ ಅಂತ ನಿಮಗೆ ಅನ್ನಿಸಿದರೆ, ಆ ಅನುಮಾನವನ್ನು ಬಾಯಿಬಿಟ್ಟು ಹೇಳಿ. ವಾರವಾರವೂ ಬಂದು ಮುಖ ಪರಿಚಯ ಮಾಡಿಕೊಂಡವರಿಗೇ ಈ ವ್ಯತ್ಯಾಸ ಕಾಣುವುದು.

ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಕೈನಡುಕ, ಬೆವರು, ಗಾಬರಿಯಿಂದ ಶುರುವಾಗಿ, ಕೊನೆಯ ಗುಟುಕಿನ ನಂತರ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಆದ್ದರಿಂದ "ಇವತ್ತೇ ಬಿಟ್ಟುಬಿಡಿ" ಅಂತ ಹುರಿದುಂಬಿಸಬೇಡಿ, ಬಿಡಬೇಕು ಅಂತಿರುವವರನ್ನು ವೈದ್ಯರ ಹತ್ತಿರ ಕಳಿಸಿ.

ಹೆರಾಯಿನ್, ಫೆಂಟನಿಲ್‌ನಂಥ ಮಾದಕ ವಸ್ತು ಹೆಚ್ಚಾದರೆ ಲಕ್ಷಣ ಬೇರೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ, ತುಟಿ ನೀಲಿಗಟ್ಟುತ್ತದೆ, ಉಸಿರು ತೀರಾ ನಿಧಾನವಾಗುತ್ತದೆ ಅಥವಾ ಗೊರಗೊರ ಸದ್ದು ಬರುತ್ತದೆ, ಎಷ್ಟು ಕರೆದರೂ ಎಚ್ಚರ ಆಗುವುದಿಲ್ಲ. ಮೊದಲು ಆಂಬುಲೆನ್ಸ್ ಕರೆಸಿ. ಕೇಂದ್ರದಲ್ಲಿ ಈ ಮಾದಕ ವಸ್ತುಗಳ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧಿಯ ಮೂಗಿನ ಸ್ಪ್ರೇ ಇದ್ದು, ನಿಮಗೆ ತರಬೇತಿ ಆಗಿದ್ದರೆ ಅದನ್ನು ಕೊಡಿ. 2-3 ನಿಮಿಷದಲ್ಲಿ ಉಸಿರು ಸುಧಾರಿಸದಿದ್ದರೆ ಇನ್ನೊಂದು ಡೋಸ್. ಕಾರಣ ಬೇರೆಯೇ ಆಗಿದ್ದರೂ ಅದರಿಂದ ಹಾನಿ ಇಲ್ಲ. ಎದ್ದು ಕೂತ ಮೇಲೂ ಒಬ್ಬರನ್ನೇ ಬಿಟ್ಟು ಹೋಗಬೇಡಿ. ನಲಾಕ್ಸೋನಿನ ಪರಿಣಾಮ 30ರಿಂದ 90 ನಿಮಿಷದಲ್ಲಿ ಇಳಿಯುತ್ತದೆ, ಆಗ ಮತ್ತೆ ಉಸಿರು ನಿಲ್ಲಬಹುದು.

ಚಳಿಯಲ್ಲಿ ಗಡಗಡ ನಡುಗುತ್ತಿದ್ದವರ ನಡುಕ ತಾನಾಗಿ ನಿಂತು ಮಂಕಾದರೆ, ಸುಧಾರಿಸಿದರು ಅಂದುಕೊಳ್ಳಬೇಡಿ. ಪರಿಸ್ಥಿತಿ ಬಿಗಡಾಯಿಸುತ್ತಿದೆ ಅಂತ ಅರ್ಥ. ಒದ್ದೆ ಬಟ್ಟೆ ತೆಗೆಸಿ, ಕಂಬಳಿ ಹೊದಿಸಿ. ಕೈಕಾಲು ಉಜ್ಜಬೇಡಿ. ಬಿಸಿಲಿನಲ್ಲಿ ಇದಕ್ಕೆ ಉಲ್ಟಾ. ಮೈ ಕೆಂಡದ ಹಾಗೆ ಸುಡುತ್ತಿದ್ದು ಮಾತು ಗೊಂದಲವಾದರೆ ಆಂಬುಲೆನ್ಸ್ ಬರುವವರೆಗೆ ಕಾಯದೆ ನೀರು ಸುರಿದು, ಗಾಳಿ ಹಾಕಿ ತಂಪು ಮಾಡಿ.

ಯಾರಾದರೂ "ಬದುಕಿ ಏನು ಪ್ರಯೋಜನ" ಅಂದರೆ ಮಾತು ಮರೆಸಬೇಡಿ. "ಸಾಯುವ ಯೋಚನೆ ಬರ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಜೊತೆಯಲ್ಲೇ ಇದ್ದು ಸಿಬ್ಬಂದಿಯನ್ನು ಕರೆಸಿ. "ಯಾರಿಗೂ ಹೇಳಲ್ಲ" ಅಂತ ಮಾತ್ರ ಮಾತು ಕೊಡಬೇಡಿ.

10. ಸ್ವಚ್ಛತೆ

ಕೈ ತೊಳೆಯುವುದು ಸೋಪು ನೀರಿನಿಂದ. ವಾಂತಿಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಕಸದ ಚೀಲವನ್ನು ಕೈಯಿಂದ ಅದುಮಬೇಡಿ, ಕಾಲಿಗೆ ತಾಗಿಸಿಕೊಂಡು ಒಯ್ಯಬೇಡಿ, ಒಳಗೆ ಸೂಜಿ ಇರಬಹುದು. ಸೂಜಿ ಚುಚ್ಚಿದರೆ ತಕ್ಷಣ ಸೋಪು ನೀರಿನಲ್ಲಿ ತೊಳೆದು, ಮೇಲ್ವಿಚಾರಕರಿಗೆ ಹೇಳಿ, ಅಂದೇ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಲೇಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ಹೇನು, ಕಜ್ಜಿ, ತಿಗಣೆ ಕಂಡರೆ ಮುಖ ಸಿಂಡರಿಸಬೇಡಿ, ಪಕ್ಕಕ್ಕೆ ಕರೆದು ಒಬ್ಬರಿಗೇ ಹೇಳಿ. ಬಟ್ಟೆಯನ್ನು 60 ಡಿಗ್ರಿ ಬಿಸಿಯಲ್ಲಿ ಒಗೆದು, ಡ್ರೈಯರ್‌ನಲ್ಲಿ ಜೋರು ಬಿಸಿಗೆ ಒಣಗಿಸಿದರೆ ಇವು ಸಾಯುತ್ತವೆ. ಒಗೆಯಲು ಹಾಕಿದಾಗ ಉಟ್ಟುಕೊಳ್ಳಲು ಬೇರೆ ಬಟ್ಟೆ ಕೊಡಬೇಕು ಅನ್ನುವುದನ್ನು ಮರೆಯುವವರೇ ಜಾಸ್ತಿ.

11. ಗುಟ್ಟು ಕಾಪಾಡುವುದು

ಫೋಟೋ ಬೇಡ. ಸೆಲ್ಫಿಯೂ ಬೇಡ, ಹಿಂದೆ ಯಾರಾದರೂ ಕಾಣುತ್ತಾರೆ. ಫೋನ್ ಬಂದು "ನಮ್ಮ ತಂಗಿ ಅಲ್ಲಿಗೆ ಬರ್ತಾಳಾ?" ಅಂತ ಕೇಳಿದರೆ ಹೌದು ಅಂತಲೂ ಹೇಳಬೇಡಿ, ಇಲ್ಲ ಅಂತಲೂ ಹೇಳಬೇಡಿ. "ಇಲ್ಲಿಗೆ ಯಾರು ಬರುತ್ತಾರೆ ಅಂತ ನಾವು ಹೇಳುವ ಹಾಗಿಲ್ಲ. ಸಂದೇಶ ಕೊಟ್ಟರೆ ಸಿಬ್ಬಂದಿಗೆ ತಲುಪಿಸುತ್ತೇನೆ" ಅಂದರೆ ಸಾಕು. ಹಾಗೆ ಅಕ್ಕರೆಯಿಂದ ಕೇಳುವ ಅಣ್ಣ ನಿಜವಾಗಿ ಹೊಡೆಯುತ್ತಿದ್ದ ಗಂಡನೇ ಇರಬಹುದು. ಪೊಲೀಸರು, ಪತ್ರಕರ್ತರು ಬಂದರೂ ಸಿಬ್ಬಂದಿಯ ಕಡೆಗೆ ಕಳಿಸಿ.

ಕೇಂದ್ರದ ಹೊರಗೆ, ರಸ್ತೆಯಲ್ಲಿ ಅವರು ಸಿಕ್ಕರೆ ಮೊದಲು ಅವರು ಮಾತಾಡಿಸಲಿ. ಅವರ ಜೊತೆ ಇರುವವರಿಗೆ ಈ ವಿಷಯ ಗೊತ್ತಿಲ್ಲದೆ ಇರಬಹುದು.

12. ಕೊಡುಗೆ ತರುವುದಾದರೆ

ಮೊದಲು ಏನು ಬೇಕು ಅಂತ ಕೇಳಿ. ಸಾಮಾನ್ಯವಾಗಿ ಕೊರತೆ ಇರುವುದು ಹೊಸ ಒಳಉಡುಪು, ಕಾಲುಚೀಲ, ಸ್ಯಾನಿಟರಿ ಪ್ಯಾಡ್, ಓದುವ ಕನ್ನಡಕ, ಚಾರ್ಜರ್ ಕೇಬಲ್, ನೇಲ್ ಕಟರ್, ನೀರು ತಾಗದ ಜಿಪ್ ಚೀಲ (ಕಾಗದಪತ್ರ ನೆನೆಯದಿರಲು). ತಿಂಡಿ ತಂದರೆ ಮೆತ್ತಗಿರುವಂಥದ್ದು ತನ್ನಿ. ಹಲ್ಲು ಹಾಳಾದವರು ಬಹಳ ಜನ. ಬೇಯಿಸಿ ತಿನ್ನುವ ಪೊಟ್ಟಣಗಳನ್ನು ಒಲೆಯಿಲ್ಲದವರಿಗೆ ಯಾಕೆ ಕೊಡಬೇಕು? ಹರಿದ ಬಟ್ಟೆ, ಅವಧಿ ಮುಗಿದ ಮಾತ್ರೆ, ಹೊರಲಾರದಷ್ಟು ದೊಡ್ಡ ಸೂಟ್‌ಕೇಸ್ ಬೇಡ.

13. ಮನೆಗೆ ಹೋಗುವ ಮುಂಚೆ, ಮತ್ತು ಕೊನೆಗೆ ಬಿಡುವಾಗ

ಶಿಫ್ಟ್ ಮುಗಿದ ಮೇಲೆ ಹತ್ತು ನಿಮಿಷ ನಿಲ್ಲಿ. ಕಂಡದ್ದನ್ನು ದಿನಚರಿ ಪುಸ್ತಕದಲ್ಲಿ ಬರೆಯಿರಿ. "ಜಗಳಗಂಟ" ಅಂತ ಬರೆಯಬೇಡಿ. "ಸ್ನಾನದ ಸರದಿ ತಪ್ಪಿದ್ದಕ್ಕೆ ಕೂಗಿದರು, ಐದು ನಿಮಿಷದಲ್ಲಿ ಸಮಾಧಾನವಾದರು" ಅಂತ ಬರೆಯಿರಿ. ಮನಸ್ಸಿಗೆ ಭಾರವಾದದ್ದನ್ನು ಅಲ್ಲೇ ಯಾರ ಹತ್ತಿರವಾದರೂ ಹೇಳಿಕೊಳ್ಳಿ. ಮನೆಗೆ ಹೋಗಿ ಹೆಸರು ಹಿಡಿದು ಹೇಳಬೇಡಿ.

ದಿನಾ ಬರುತ್ತಿದ್ದವರು ಒಂದು ದಿನ ಬರುವುದಿಲ್ಲ. ಮನೆ ಸಿಕ್ಕಿರಬಹುದು, ಊರು ಬಿಟ್ಟಿರಬಹುದು, ಆಸ್ಪತ್ರೆಯಲ್ಲಿರಬಹುದು. ಬೀದಿಯಲ್ಲಿ ಬದುಕುವವರು ಉಳಿದವರಿಗಿಂತ ಬೇಗ ಸಾಯುತ್ತಾರೆ ಅನ್ನುವುದೂ ನಿಜ. ಏನಾಯಿತು ಅಂತ ಎಷ್ಟೋ ಸಲ ನಿಮಗೆ ತಿಳಿಯುವುದೇ ಇಲ್ಲ. ಸಾವಿನ ಸುದ್ದಿ ಬಂದರೆ ಆ ವಾರ ಬರಲು ಆಗುವುದಿಲ್ಲ ಅಂತ ಹೇಳಿದರೂ ತಪ್ಪಿಲ್ಲ. ಫೋನ್ ಮಾಡಿ ಹೇಳಿ ಅಷ್ಟೇ. ಕೇಂದ್ರಕ್ಕೆ ಕಾಲಿಡುವ ಮುಂಚೆಯೇ ಸಿಡಿಮಿಡಿ ಶುರುವಾಗುತ್ತಿದ್ದರೆ, ಬಂದವರೆಲ್ಲ ಮೋಸ ಮಾಡುತ್ತಿದ್ದಾರೆ ಅನ್ನಿಸತೊಡಗಿದರೆ, ನಿಮಗೆ ವಿರಾಮ ಬೇಕು.

ಪೂರ್ತಿ ಬಿಡಬೇಕಾಗಿ ಬಂದರೆ ಸುಮ್ನೆ ಮಾಯವಾಗಬೇಡಿ. ಒಂದು ತಿಂಗಳು ಮುಂಚೆ ಮೇಲ್ವಿಚಾರಕರಿಗೆ ತಿಳಿಸಿ. ಕೊನೆಯ ಎರಡು ಮೂರು ವಾರ ನಿಮ್ಮನ್ನು ಬಲ್ಲವರಿಗೆಲ್ಲ "ಇನ್ನು ಎರಡು ವಾರ ಬರ್ತೀನಿ, ಆಮೇಲೆ ನನ್ನ ಜಾಗಕ್ಕೆ ಬೇರೆಯವರು ಬರ್ತಾರೆ" ಅಂತ ಹೇಳುತ್ತಾ ಬನ್ನಿ. ಹೊಸಬರು ಬಂದಿದ್ದರೆ ಚಾರ್ಜಿಂಗ್ ಟೇಬಲ್ಲಿನ ಚೀಟಿ ಲೆಕ್ಕ, ಸ್ನಾನದ ಪಟ್ಟಿ, ಯಾರಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಯಾರಿಗೆ ಓದಲು ಬರುವುದಿಲ್ಲ ಎಲ್ಲ ಹೇಳಿಕೊಡಿ. ಐಡಿ ಕಾರ್ಡ್, ಲಾಕರ್ ಕೀ ವಾಪಸ್ ಕೊಟ್ಟು ಸಹಿ ಹಾಕಿ ಹೊರಡಿ.